ಹುಣಸೆ ತಿರುವಿನ ಗೆರೆ

ನನಗೆ ಗೆರೆ ನೆಟ್ಟಗೆ ಬರುವುದಿಲ್ಲ ಎಂದು ನಮ್ಮತ್ತೆ ಊರೆಲ್ಲ ಹೇಳಿಕೊಂಡು ತಿರುಗಿದ್ದಾರೆ. ತಿರುಗಲಿ. ಬಾಯಿ ಅವರದು, ಊರೂ ಅವರದು, ನಾನು ಕೆಳಗಿನ ಬಯಲಿನಿಂದ ಮದುವೆಯಾಗಿ ಬಂದವಳು. ನಮ್ಮ ತವರಿನಲ್ಲಿ ಗೋಡೆ ಅಂದರೆ ಗೋಡೆ, ದಾರಿ ಅಂದರೆ ದಾರಿ. ಇಲ್ಲಿ ಹಾಗಲ್ಲ. ಇಲ್ಲಿಯ ಬೆಟ್ಟಕ್ಕೆ ಅದರದೇ ಆದ ದಾರಿ ಅಂತ ಒಂದೂ ಇಲ್ಲ. ಹೆಂಗಸರು ಮನೆಯ ಗೋಡೆಯ ಮೇಲೆ ಹೇಗೆ ಬರೆಯುತ್ತಾರೋ ಬೆಟ್ಟದ ಮೇಲೆ ಹಾಗೆ ದಾರಿ ಇರುತ್ತದೆ. ಬಂದ ಹೊಸದರಲ್ಲಿ ಇದನ್ನು ಕೇಳಿ ನಾನು ಬಾಯಿ ಮುಚ್ಚಿಕೊಂಡು ನಕ್ಕಿದ್ದೆ. ಮರುದಿನ ಸೌದೆಗೆ ಹೋಗಿ, ಅತ್ತೆಯ ಗೆರೆ ಬಿಟ್ಟು ಪಕ್ಕಕ್ಕೆ ಕಾಲಿಟ್ಟು, ಹಗಲೆಲ್ಲ ಒಂದೇ ಕಳ್ಳಿಗಿಡವನ್ನು ಸುತ್ತಿದ ಮೇಲೆ ನಗು ನಿಂತಿತು.

ಗೋಡೆ ಹಬ್ಬ ಬರುವುದು ಸುಗ್ಗಿ ಮುಗಿದ ಮೇಲೆ. ಹಳೆಯ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದು ಒಣಗಿ ಬೆಲ್ಲದ ಬಣ್ಣಕ್ಕೆ ತಿರುಗಿದ ಮೇಲೆ, ಅಕ್ಕಿ ನೆನೆಸಿ ರುಬ್ಬಿದ ಹಿಟ್ಟಿನಲ್ಲಿ ನಾರಿನ ಕುಂಚ ಅದ್ದಿ ಬರೆಯುತ್ತೇವೆ. ಸೂರ್ಯ, ಚಂದ್ರ, ಜೇನುಹುಟ್ಟು, ಏಣಿ, ಕೈಕೈ ಹಿಡಿದು ಕುಣಿಯುವ ಜನ, ಜಿಂಕೆ, ಇವನ್ನೆಲ್ಲ ಯಾರು ಬೇಕಾದರೂ ಬರೆಯಬಹುದು. ನನ್ನ ಜಿಂಕೆಯನ್ನು ನೋಡಿ ಊರವರು ನಾಯಿ ಅಂದುಕೊಂಡರೂ ತೊಂದರೆಯಿಲ್ಲ, ಅದು ಗೋಡೆಯಲ್ಲೇ ಇರುತ್ತದೆ. ದಾರಿಯ ಗೆರೆ ಮಾತ್ರ ಮನೆಯ ಹಿರಿಯ ಹೆಂಗಸಿನದು. ಅದು ಹೊಸ್ತಿಲ ಪಕ್ಕದಿಂದ ಹೊರಟು, ಬೆಟ್ಟದ ನೆತ್ತಿಯಲ್ಲಿರುವ ದನದ ದೊಡ್ಡಿಗಳವರೆಗೆ ಏರಿ, ಸುತ್ತಿಕೊಂಡು ಮತ್ತೆ ಹೊಸ್ತಿಲಿಗೆ ಇಳಿಯಬೇಕು. ಕುಂಚವನ್ನು ಒಂದೇ ಸಲ ಅದ್ದಬೇಕು. ನಡುವೆ ಎತ್ತಬಾರದು. ಇನ್ನೊಬ್ಬರ ಕೈ ಸೋಕಬಾರದು.

ಒಂದೇ ಸಲ ಅದ್ದುವುದರಿಂದ ಗೆರೆ ಮೊದಲು ದಪ್ಪ, ಬರಬರುತ್ತ ಸಪೂರ. ಹಾಗಾಗಿ ನಮ್ಮೂರಲ್ಲಿ ಬೆಟ್ಟಕ್ಕೆ ಹೋಗುವ ದಾರಿ ಅಗಲ, ಮನೆಗೆ ಬರುವ ದಾರಿ ಕಿರಿದು. ಗಂಡಸರು ದೊಡ್ಡಿಯವರಿಗೆ ಉಪ್ಪು ಹೊತ್ತುಕೊಂಡು ಆರಾಮಾಗಿ ಏರುತ್ತಾರೆ, ತುಪ್ಪದ ಗಡಿಗೆ ಹೊತ್ತುಕೊಂಡು ಕಾಲ ಮುಂದೆ ಕಾಲಿಟ್ಟು ಇಳಿಯುತ್ತಾರೆ. ಇದಕ್ಕೆ ಯಾರೂ ಗೊಣಗುವುದಿಲ್ಲ. ಎದುರುಮನೆಯ ದೇವೀರಮ್ಮ ಒಂದು ವರ್ಷ ಬರೆಯುವಾಗ ಸೀನಿಬಿಟ್ಟಳು. ಆ ಸೀನು ಬೆಟ್ಟದ ನಡುವೆ ಒಂದು ಕೊರಕಲಾಗಿ ಕೂತಿತು. ಅವಳ ಗಂಡ ವರ್ಷಪೂರ್ತಿ ಹಲಗೆಯೊಂದನ್ನು ಹೊತ್ತುಕೊಂಡು ಹೋಗಿ, ಹಾಕಿ ದಾಟಿ, ಮತ್ತೆ ಹೊತ್ತುಕೊಂಡು ಬರುತ್ತಿದ್ದ. ಅಂದಿನಿಂದ ಹಬ್ಬದ ದಿನ ಊರಲ್ಲಿ ಯಾರೂ ಒಗ್ಗರಣೆಗೆ ಮೆಣಸಿನಕಾಯಿ ಹಾಕುವುದಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಇದು ಗೊತ್ತಿಲ್ಲದಿದ್ದರೆ ಮುಂದಿನದೆಲ್ಲ ಗೊಂದಲ. ಗೊತ್ತಿದ್ದೂ ನನಗೆ ಗೊಂದಲವೇ. ಹೊಸ ಗೆರೆಯ ಮೇಲೆ ಬೆಟ್ಟದಿಂದ ಇಳಿದು ಮೊದಲು ಯಾರು ಹೊಸ್ತಿಲು ತುಳಿಯುತ್ತಾರೋ, ಅವರು ಬಂದ ಸಂಜೆ ದೀಪ ಹಚ್ಚುವ ಮುಂಚೆ, ಬರೆದಾಕೆ ಹಿಟ್ಟಿನಲ್ಲಿ ಹೆಬ್ಬೆರಳು ಅದ್ದಿ ಗೆರೆಯ ತುದಿಗೆ ಒತ್ತಬೇಕು. ಅಲ್ಲಿಗೆ ಆ ವರ್ಷದ ದಾರಿ ಮನೆಯೊಳಗಿದ್ದವರಿಗೆ ಗಟ್ಟಿಯಾಯಿತು. ಬೆಟ್ಟದ ಮೇಲೆ ಉಳಿದವರಿಗೆ ಅದು ಕಾಣುವುದಿಲ್ಲ. ಒತ್ತದೇ ಹೋದರೆ ಗೆರೆ ಬರಿಯ ಚಿತ್ರವಾಗಿ ಉಳಿದುಬಿಡುತ್ತದೆ, ವರ್ಷವೆಲ್ಲ ಮನೆಗೆ ದಾರಿಯಿಲ್ಲ. ಅದಕ್ಕೇ ಹೊಸ ಗೆರೆಯ ಮೇಲೆ ಮೊದಲ ಸಲ ಒಂದು ಮನೆಯಿಂದ ಒಬ್ಬರನ್ನೇ ಕಳಿಸುವುದು.

ನಮ್ಮತ್ತೆ ಚನ್ನಾಜಮ್ಮನ ಕಣ್ಣಿಗೆ ಪೊರೆ ಬಂದಿದೆ. ಬೆಳಗ್ಗೆ ನನ್ನನ್ನು ಕಂಬ ಅಂದುಕೊಂಡು ಒರಗುತ್ತಾರೆ. ಈ ವರ್ಷ ಕುಂಚ ನನಗೆ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಹಿತ್ತಲ ಗೋಡೆಯ ಮೇಲೆ ನೀರಲ್ಲಿ ಅದ್ದಿ ಗೀಚಿ ಗೀಚಿ ಅಭ್ಯಾಸವನ್ನೂ ಮಾಡಿಕೊಂಡಿದ್ದೆ. ಹಬ್ಬದ ಬೆಳಗ್ಗೆ ಕೈ ಚಾಚಿದರೆ, ಅವರು ಕುಂಚವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು.

"ಇನ್ನು ಈ ಒಂದು ಗೋಡೆ ನಂದು ಕಣೇ ಚಿಕ್ತಾಯಿ. ಬರೋ ವರ್ಸ ನೀನೇ ಬರ್ಕೊ, ನಿನ್ನ ನಾಯಿಗಳನ್ನೂ ಬರ್ಕೊ."

"ಅವು ಜಿಂಕೆ ಅತ್ತೆ."

"ಬೊಗಳ್ದೆ ಇದ್ರೆ ಸರಿ. ಹೋಗು, ನೀರು ತಗೊಂಬಾ."

ನಾನು ಹೊಳೆಯಿಂದ ಕೊಡ ಹೊತ್ತುಕೊಂಡು ಬರುವ ಹೊತ್ತಿಗೆ ಗೋಡೆ ಬರೆದು ಮುಗಿದಿತ್ತು. ಅತ್ತೆ ಇರಲಿಲ್ಲ. ಉಳಿದ ಹಿಟ್ಟನ್ನು ಊರ ಅಮ್ಮನ ಕಲ್ಲಿಗೆ ಸುರಿಯಲು ಹೋಗಿದ್ದರು. ನಾನು ಕೊಡ ಇಳಿಸದೆ ಹಾಗೇ ನೋಡುತ್ತ ನಿಂತೆ. ಹೊಸ್ತಿಲ ಪಕ್ಕದಿಂದ ಒಂದು ಗೆರೆ ಮೇಲೇರಿತ್ತು, ಊರ ಮೇಲಣ ಹುಣಸೆಮರದ ಹತ್ತಿರ ಬಳುಕಿ ತಿರುಗಿತ್ತು, ಬೆಟ್ಟದ ನಡುವಿನ ಆನೆಬೆನ್ನು ಬಂಡೆಯ ತನಕ ಹೋಗಿತ್ತು. ಅಷ್ಟೇ. ನೆತ್ತಿಗೆ ಹೋಗಿರಲಿಲ್ಲ. ಸುತ್ತಿಕೊಂಡು ಇಳಿದಿರಲಿಲ್ಲ. ಅದರಾಚೆ ಬರಿಯ ಕೆಮ್ಮಣ್ಣು.

ನನ್ನ ಗಂಡ ಮಾಯಿಗಯ್ಯ ಉಪ್ಪಿನ ಮೂಟೆ ಬೆನ್ನಿಗೇರಿಸಿ ಹೊರಗೆ ಬಂದರು. ನಾನು ಗೋಡೆ ತೋರಿಸಿದೆ. "ನೋಡಿ, ಗೆರೆ ಅರ್ಧಕ್ಕೇ ನಿಂತದೆ. ಇವತ್ತು ಹೋಗ್ಬ್ಯಾಡಿ."

"ಅವ್ವ ಬರ್ದಿದ್ದು ಯಾವತ್ತು ತಪ್ಪಿತ್ತು? ಕಣ್ಣು ಮಬ್ಬು, ಹಿಟ್ಟು ತೆಳ್ಳಗಾಗಿ ಕಾಣ್ತಿಲ್ಲ ಅಷ್ಟೆ. ಹೋದ್ರೆ ಇರ್ತದೆ ಬಿಡು." ಹಾಗೆಂದು ಅಂಗಳ ದಾಟಿ ಗೆರೆಯ ಮೇಲೆ ಕಾಲಿಟ್ಟವರು ಯಾಕೋ ತಡವರಿಸಿದರು. "ಇದೇನೆ, ಈ ಸಲ ಇಲ್ಲೇ ಇಷ್ಟು ಸಪೂರ ಅದೆ!" ಎಂದರು. ಹೋಗುವ ದಾರಿ ಅಗಲ ಇರಬೇಕಾದದ್ದು, ಮೂಟೆ ಹೊತ್ತುಕೊಂಡು ಕಾಲ ಮುಂದೆ ಕಾಲಿಟ್ಟು ಏರತೊಡಗಿದರು. ಊರ ಜನ ಜಗುಲಿಗಳಲ್ಲಿ ನಿಂತು ನೋಡಿದರು. ಹಬ್ಬದ ದಿನ ಹೋಗುವವರನ್ನು ಹಿಂದಿನಿಂದ ಕರೆಯುವುದಿಲ್ಲ.

ಅತ್ತೆ ಬಂದ ಕೂಡಲೇ ನಾನು ಸೊಂಟಕ್ಕೆ ಕೈಯಿಟ್ಟು ನಿಂತೆ. "ಅತ್ತೆ, ಬರೋ ಗೆರೆ ಎಲ್ಲಿ?"

"ಗೋಡೆ ಮ್ಯಾಲೆ ಇರೋದೇ ಬರೋ ಗೆರೆ."

"ಹಂಗಾದ್ರೆ ಹೋಗೋ ಗೆರೆ?"

"ಯಾಕೆ ಬೇಕು? ಈ ಸಲ ಯಾರೂ ಹೋಗೋದು ಬ್ಯಾಡ ಅಂತಾನೇ ನಾನು ಬರ್ದಿಲ್ಲ."

"ಅಯ್ಯೋ ನನ್ನ ಕರ್ಮವೇ, ಅವ್ರು ಹೋಗಾಯ್ತಲ್ಲ!"

ಅತ್ತೆಯ ಕೈಯಿಂದ ಹಿಟ್ಟಿನ ಬಟ್ಟಲು ಬಿದ್ದು ಉರುಳಿತು. "ಹೋದ್ನಾ? ಯಾವುದ್ರ ಮ್ಯಾಲೆ ಹೋದ?" ಎಂದು ಗೋಡೆಯನ್ನು ತಡವಿದರು. ಆಮೇಲೆ ಒಳಗೆ ಹೋಗಿ ಚಾಪೆಯ ಮೇಲೆ ಮುದುಡಿ ಮಲಗಿದವರು ಮಾತೇ ಆಡಲಿಲ್ಲ. ಎಬ್ಬಿಸಿದೆ, ಬೈದೆ, ಮುದ್ದೆ ಮಾಡಿ ಮುಂದಿಟ್ಟೆ. ಉಹೂಂ. ಬರೋ ಗೆರೆಯಂತೆ, ಹೋಗೋ ಗೆರೆ ಇಲ್ಲವಂತೆ. ವಯಸ್ಸಾಯಿತು, ತಲೆ ನಿಂತಲ್ಲಿ ನಿಲ್ಲುತ್ತಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡರೂ ಸಮಾಧಾನವಾಗಲಿಲ್ಲ.

ಉಪ್ಪು ಕೊಟ್ಟು ಬರುವವರು ಮರುದಿನ ಹೊತ್ತು ಬಾಗುವ ಮುಂಚೆ ಮನೆ ಸೇರುತ್ತಾರೆ. ಎಲ್ಲರ ಮನೆಯವರೂ ಬಂದರು. ಒಬ್ಬೊಬ್ಬರ ಬಾಗಿಲಲ್ಲೂ ಹೆಬ್ಬೆಟ್ಟು ಬಿತ್ತು. ನಮ್ಮವರು ಬರಲಿಲ್ಲ. ನಮ್ಮ ಗೆರೆಯನ್ನು ನೋಡಲು ಊರೇ ನೆರೆಯಿತು. ಒಬ್ಬೊಬ್ಬರದು ಒಂದೊಂದು ಮಾತು. ಊರ ಯಜಮಾನ ಜವರಯ್ಯನವರು ಗೋಡೆಗೆ ಮೂಗು ತಾಗಿಸಿ ನೋಡಿ, "ಕೆಟ್ಟ ಗೋಡೆಯ ತೊಳೆದು ಹೊಸದಾಗಿ ಬರೀಬೇಕು ಕಣವ್ವ" ಎಂದರು.

"ತೊಳೆದ್ರೆ ನಮ್ಮೋರು ಏನಾಯ್ತಾರೆ?"

"ಅದೂ ಸರಿ. ಮನುಸ ಮ್ಯಾಲಿರೋವಾಗ ತೊಳೆಯೋ ಹಂಗಿಲ್ಲ."

"ಮತ್ತೆ ತೊಳೀಬೇಕು ಅಂದ್ರಿ?"

"ತೊಳೀಬೇಕು. ಆದ್ರೆ ತೊಳೆಯೋ ಹಂಗಿಲ್ಲ" ಎಂದು ಅವರು ಎಲೆಯಡಿಕೆ ಹಾಕಿಕೊಂಡು ಹೊರಟುಹೋದರು. ದೊಡ್ಡವರು ಅನ್ನಿಸಿಕೊಂಡವರ ಬುದ್ಧಿವಾದ ಅಂದರೆ ಇಷ್ಟೇ.

ಮೂರನೆಯ ದಿನ ಮಧ್ಯಾಹ್ನ ದೇವೀರಮ್ಮ ನನ್ನ ಕಿವಿಯಲ್ಲಿ ಹೇಳಿದಳು. "ನೀನೇ ಒಂದು ಗೆರೆ ಎಳ್ದುಬಿಡೇ. ಆ ಬಂಡೆ ತಾವಿಂದ ಹೊಸ್ತಿಲಿಗೆ. ಯಾರು ನೋಡ್ತಾರೆ?"

"ಎರಡು ಕೈ ಕೂಡ್ಸಬಾರದಲ್ಲ?"

"ಕೂಡ್ಸಬಾರದು. ಮೂಲೆ ಮನೆಯೋರು ಕೂಡ್ಸಿದ್ರು. ಅವ್ರ ಕೆಂದ ಹಸ ಆ ಸಂದಿಲಿ ಇವತ್ತಿಗೂ ಮೇಯ್ತಾ ಅದೆ. ಕಾಣ್ತದೆ, ಕೂಗಿದ್ರೆ ಕಿವಿ ಆಡಿಸ್ತದೆ, ಹಿಡಿಯೋಕಾಗಲ್ಲ."

"ಇದ ಹೇಳಿ ನನ್ನ ಬರಿ ಅಂತೀಯಾ?"

"ಕಾಣೋದಾದ್ರೂ ಕಾಣ್ತಾನಲ್ಲೇ" ಎಂದಳು ಆ ಪುಣ್ಯಾತಗಿತ್ತಿ.

ಅವಳನ್ನು ಕಳಿಸಿ ನಾನು ಒಬ್ಬಳೇ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಹಿಟ್ಟಿನಲ್ಲಿ ಕುಂಚ ಅದ್ದಿದ್ದೆ. ಸುಳ್ಳು ಯಾಕೆ, ಎಳೆಯಬೇಕೆಂದೇ ಕೂತಿದ್ದೆ. ನನಗೆ ಆ ಮನುಷ್ಯ ಬೇಕಾಗಿತ್ತು. ಗೊರಕೆ ಹೊಡೆಯುತ್ತಾರೆ, ಹೇಳಿದ ಮಾತು ಕೇಳುವುದಿಲ್ಲ, ಆದರೆ ನನ್ನ ಜಿಂಕೆಯನ್ನು ಜಿಂಕೆ ಅಂದವರು ಊರಲ್ಲಿ ಅವರೊಬ್ಬರೇ. ಆನೆಬೆನ್ನು ಬಂಡೆಯ ಹತ್ತಿರ ಕುಂಚ ಒಯ್ದು, ಎಲ್ಲಿ ಊರಲಿ ಎಂದು ಬಗ್ಗಿ ನೋಡಿದೆ. ಅಲ್ಲಿ ಗೆರೆಯ ತುದಿ ದಪ್ಪವಾಗಿತ್ತು. ಹಿಟ್ಟು ಮುದ್ದೆಗಟ್ಟಿ, ಒಂದು ಹನಿ ಕೆಳಗೂ ಸೋರಿತ್ತು. ಅಲ್ಲಿಂದ ಬೆರಳಿಟ್ಟುಕೊಂಡು ಕೆಳಗೆ ಬಂದೆ. ಹುಣಸೆ ತಿರುವಿನಲ್ಲಿ ಗೆರೆ ಎಳೆ ನೂಲಿನಷ್ಟಾಗಿತ್ತು. ಹೊಸ್ತಿಲ ಹತ್ತಿರ ಕುಂಚದ ನಾರುಗಳು ಒಣಗಿ ಕೆರೆದ ಗುರುತು.

ನಾವೆಲ್ಲ ಹೊಸ್ತಿಲಿನಿಂದ ಮೇಲಕ್ಕೆ ಓದುವವರು, ಗೆರೆ ಅಂದರೆ ಹೊಸ್ತಿಲಿನಿಂದಲೇ ಹೊರಡಬೇಕು ಎಂದು ತಿಳಿದವರು. ಅತ್ತೆ ಬೆಟ್ಟದಿಂದ ಶುರುಮಾಡಿ ಮನೆಗೆ ಎಳೆದಿದ್ದರು. ಗೆರೆ ಅರ್ಧಕ್ಕೆ ನಿಂತಿರಲಿಲ್ಲ. ಪೂರಾ ಇತ್ತು. ಬರುವುದಷ್ಟೇ ಇತ್ತು, ಹೋಗುವುದು ಇರಲಿಲ್ಲ. ನನ್ನ ಗಂಡ ಬರುವ ದಾರಿಯಲ್ಲಿ ತಿರುವುಮುರುವಾಗಿ ಹೋಗಿದ್ದರು.

ಒಳಗೆ ಹೋಗಿ ಅತ್ತೆಯ ಭುಜ ಹಿಡಿದು ಕೂರಿಸಿದೆ. "ಆ ಬಂಡೆಯಿಂದ ಯಾರನ್ನ ಕರೀತಾ ಇದ್ದೀರಿ ಅತ್ತೆ?"

ಅವರು ನನ್ನ ಕಡೆ ಮುಖ ತಿರುಗಿಸಿದರು, ಸರಿಯಾಗಿ ನನ್ನ ಕಡೆಗಲ್ಲ, ಒಂದು ಮೊಳ ಆಚೆಗೆ. "ನಿಮ್ಮಾವನ್ನ ಕಣೇ" ಎಂದರು.

ನಮ್ಮ ಮಾವನನ್ನು ನಾನು ನೋಡಿಲ್ಲ. ನನ್ನ ಗಂಡ ತೊಟ್ಟಿಲಲ್ಲಿದ್ದಾಗ ಬೆಟ್ಟಕ್ಕೆ ಹೋದವರು ಇಳಿಯಲಿಲ್ಲ ಎಂದಷ್ಟೇ ಗೊತ್ತು. ಊರವರ ಬಾಯಲ್ಲಿ ಇನ್ನೂ ಒಂದು ಮಾತಿತ್ತು, ಅದು ನನ್ನ ಕಿವಿಗೂ ಬಿದ್ದಿತ್ತು. ಚನ್ನಾಜಮ್ಮನ ಗೆರೆ ನೆಟ್ಟಗಿತ್ತು, ಬರಲಿಲ್ಲ ಅಂದರೆ ಬರುವ ಮನಸ್ಸಿರಲಿಲ್ಲ, ಯಾವಳದೋ ಗೋಡೆ ಹಿಡಿದು ಬೆಟ್ಟದ ಆಚೆ ಇಳಿದುಹೋದ ಎಂದು. ಅತ್ತೆಯ ಮುಂದೆ ಮಾತ್ರ ಯಾರೂ ಈ ಮಾತು ಎತ್ತುತ್ತಿರಲಿಲ್ಲ.

ಆ ಹೊತ್ತು ಜಗುಲಿಯ ಮೇಲೆ ನಾವಿಬ್ಬರೂ ಹಿಟ್ಟಿನ ಬಟ್ಟಲನ್ನು ನಡುವೆ ಇಟ್ಟುಕೊಂಡು ಕೂತೆವು. ಅತ್ತೆ ಹೇಳುತ್ತ ಹೋದರು, ನಾನು ಕೇಳಿದೆ.

"ನಿಮ್ಮಾವಂಗೆ ಒಂದು ರೋಗ ಇತ್ತು ಕಣೇ. ಎದುರಿಂದ ಹಿಂದಿಂದ ಯಾರು ಬಂದ್ರೂ ದಾರಿ ಬಿಡೋದು. ಮನುಸ್ರಿಗೆ ಬಿಡ್ಲಿ, ಮೇಕೆಗೂ ಬಿಡೋರು. ಬಂಡೆಗೆ ಬೆನ್ನು ಅಂಟಿಸ್ಕೊಂಡು, ಎಡಗಾಲು ಎತ್ಕೊಂಡು, 'ನೀ ನಡಿ, ನೀ ನಡಿ, ನಂಗೇನವಸರ' ಅನ್ನೋರು. ನಮ್ಮ ಮದ್ವೇಲಿ ಹಸೆಮಣೆಗೆ ಕರುದ್ರೆ ಬಾಗ್ಲಲ್ಲೇ ನಿಂತವ್ರೆ, ನೆಂಟ್ರಿಗೆಲ್ಲ ದಾರಿ ಬಿಟ್ಕೊಂಡು! ನಮ್ಮಪ್ಪ ಕೈ ಹಿಡ್ದು ಎಳ್ಕಂಬಂದು ಕೂರ್ಸಿದ್ದು. ಒಬ್ರನ್ನೇ ಕಳಿಸೋ ಕಟ್ಟು ಆಗಿರ್ಲಿಲ್ಲ, ಆ ವರ್ಸ ಅಣ್ಣ ತಮ್ಮ ಇಬ್ರೂ ಉಪ್ಪು ಹೊತ್ಕೊಂಡು ಹೋದ್ರು. ಇಳಿಯೋವಾಗ ತಮ್ಮ ಮುಂದೆ ಬಂದ. ನಾನು ಕೂಸ ತೊಡೆ ಮ್ಯಾಲಿಟ್ಕೊಂಡು ಹೆಬ್ಬೆಟ್ಟು ಒತ್ದೆ. ಒತ್ತಿದ ಮ್ಯಾಲೆ ಅವ ಅಂದ, ಅತ್ಗೆಮ್ಮ, ಅಣ್ಣ ಹಿಂದೆ ಬತ್ತಾವ್ನೆ ಅಂತ."

"ಹಂಗಾದ್ರೆ ಮುಂದಿನ ವರ್ಸದ ಗೆರೆ ಹಿಡ್ದು ಬರಬೋದಿತ್ತಲ್ಲ?"

"ಬರಬೋದಿತ್ತು. ಪ್ರತಿ ವರ್ಸ ಬರಬೋದಿತ್ತು. ಯಾಕೆ ಬರ್ಲಿಲ್ಲ? ಮನಸ್ಸಿಲ್ಲದೆ ಬರ್ಲಿಲ್ವೋ, ಇಲ್ಲ ಪ್ರತಿ ವರ್ಸ ದಾರಿಲಿ ಯಾರೋ ಇದ್ರು ಅಂತ ಪಕ್ಕಕ್ಕೆ ನಿಂತ್ಕೊಂಡ್ರೋ? ಮೊದ್ಲು ತಮ್ಮ, ಆಮೇಲೆ ಮಗ. ನಂಗೆ ಗೊತ್ತಿಲ್ಲ ಕಣೇ. ಒಂದೊಂದು ದಿನ ಹಿಂಗೆ ಅನ್ನುಸ್ತದೆ, ಒಂದೊಂದು ದಿನ ಊರೋರು ಹೇಳೋದೇ ಸರಿ ಅನ್ನುಸ್ತದೆ. ಅದಕ್ಕೇ ಈ ಸಲ ಹೋಗೋ ದಾರಿನೇ ಬರೀಲಿಲ್ಲ. ದಾರಿಲಿ ಯಾರೂ ಇಲ್ದಿದ್ರೆ ಬಂದೇ ಬರ್ತಾರಲ್ಲ. ಬರ್ಲಿಲ್ಲ ಅಂದ್ರೆ ಅದೂ ಗೊತ್ತಾಗ್ತದಲ್ಲ. ಕಣ್ಣು ಪೂರಾ ಹೋಗೋಕ್ ಮುಂಚೆ ಒಂದು ಗೊತ್ತಾಗ್ಲಿ ಅಂತ."

"ನಂಗೆ ಒಂದು ಮಾತು ಹೇಳಬಾರ್ದಿತ್ತಾ?"

"ಹೇಳಿದ್ರೆ ವರ್ಸವೆಲ್ಲ ಉಪ್ಪಿಲ್ಲ ತುಪ್ಪಿಲ್ಲ ಅಂತ ನೀನು ಕುಂಚ ಕಿತ್ಕೊತಿದ್ದೆ."

ನಿಜ, ಕಿತ್ತುಕೊಳ್ಳುತ್ತಿದ್ದೆ. ಆದರೆ ಈಗ ಏನು ಮಾಡುವುದು? ಇಬ್ಬರು ಗಂಡಸರು ಮೇಲಿದ್ದರು, ಅವರ ಕಾಲಡಿಗೆ ನೂಲಿನಂಥ ಒಂದೇ ದಾರಿ. ಮಾವ ಮೊದಲು ಬಂದು ಹೆಬ್ಬೆಟ್ಟು ಬಿದ್ದರೆ ನನ್ನ ಗಂಡ ಅಲ್ಲೇ. ಗಂಡ ಮೊದಲು ಬಂದರೆ ಮಾವ ಅಲ್ಲೇ. ನಾನು ಕೂತಲ್ಲೇ ಊರ ಅಮ್ಮನಿಗೆ ಕೈ ಮುಗಿಯಲು ನೋಡಿದೆ, ಏನು ಕೇಳಿಕೊಳ್ಳಬೇಕೆಂದು ತಿಳಿಯಲಿಲ್ಲ. ನನ್ನ ಗಂಡ ಮೊದಲು ಬರಲಿ ಅನ್ನೋಣವೆಂದರೆ ಪಕ್ಕದಲ್ಲಿ ಆ ಮುದುಕಿ ಹಿಟ್ಟು ಕಲಸುತ್ತ ಕೂತಿದ್ದರು. ಅನ್ನದೆ ಬಿಡೋಣವೆಂದರೆ ಬೆಟ್ಟದ ಮೇಲಿದ್ದವರು ನನ್ನ ಗಂಡ. ಕೈ ಮುಗಿದು ಸುಮ್ಮನೆ ಕೂತೆ. ಅತ್ತೆಯೂ ಕೈ ಮುಗಿದಿದ್ದರು. ಅವರು ಏನು ಕೇಳಿಕೊಂಡರೋ ನಾನು ವಿಚಾರಿಸಲಿಲ್ಲ. ಒಂದು ಕಡೆ ಗಂಡ, ಒಂದು ಕಡೆ ಹೆತ್ತ ಮಗ, ಅವರ ಪಾಡು ನನ್ನದಕ್ಕಿಂತ ಕಡೆಯಾಗಿತ್ತು.

ಬಿಸಿಲು ಹಳದಿಯಾಯಿತು. ಹುಣಸೆ ತಿರುವಿನಲ್ಲಿ ಒಂದು ತಲೆ ಕಂಡಿತು. ಆಮೇಲೆ ಅದು ನಿಂತಿತು. ಯಾರೋ ಯಾರ ಕೂಡೆಯೋ ಮಾತಾಡಿದ ಹಾಗೆ. ಮರದ ನೆರಳಲ್ಲಿ ಸರಿಯಾಗಿ ಕಾಣಲಿಲ್ಲ, ಒಬ್ಬರೋ ಇಬ್ಬರೋ.

"ಯಾರೇ?" ಎಂದರು ಅತ್ತೆ. ಹೆಜ್ಜೆಯ ಸದ್ದು ಅವರಿಗೆ ನನಗಿಂತ ಮೊದಲು ಕೇಳಿತ್ತು.

ಇಳಿದು ಬರುತ್ತಿದ್ದವರ ಬೆನ್ನಿನ ಮೇಲೆ ನಮ್ಮ ಮನೆಯ ಉಪ್ಪಿನ ಮೂಟೆ ಹಾಗೇ ಇತ್ತು. ಅಂಗಳಕ್ಕೆ ಬಂದದ್ದೇ ತಡ, ಓಡಿಹೋಗಿ ಕೈ ಹಿಡಿದು ದರದರ ಎಳೆದು ಹೊಸ್ತಿಲೊಳಗೆ ತಂದೆ. ಎಳೆದದ್ದಕ್ಕೆ ನನಗೆ ನಾಚಿಕೆಯೇನಿಲ್ಲ, ನನ್ನ ಗಂಡ, ನಾನು ಎಳೆದುಕೊಂಡೆ. ಒಳಗೆ ತಂದ ಮೇಲೆಯೇ ಅಳು ಬಂದದ್ದು.

"ಬಿಡೇ, ಮೂಟೆ ಬೀಳ್ತದೆ!" ಎಂದು ಅವರು ಗೋಡೆಗೆ ಒರಗಿ ಕೂತು ನೀರು ಕುಡಿದರು. "ಇದೇನವ್ವಾ ಹಿಂಗ್ ಬರ್ದಿದ್ದೀಯ? ಆನೆಬೆನ್ನು ಬಂಡೆಗೆ ಹೋದ್ರೆ ಮುಂದೆ ದಾರಿನೇ ಇಲ್ಲ. ಹಿಂದಕ್ಕೆ ತಿರುಗಾಣ ಅಂದ್ರೆ ಹೋಗೋದ್ಯಾವುದು ಬರೋದ್ಯಾವುದು ಗೊತ್ತಾಗ್ಲಿಲ್ಲ. ಅಲ್ಲೇ ಕುಂತಿದ್ದೆ. ಪಕ್ಕದಲ್ಲಿ ಇನ್ನೊಬ್ಬ ಕುಂತಿದ್ದ."

ಅತ್ತೆ ಮುಂದಕ್ಕೆ ಬಾಗಿದರು. "ಯಾರು?"

"ಯಾರೋಪ್ಪ. ನನ್ನ ವಯಸ್ಸೇ ಇರ್ಬೇಕು, ಇಲ್ಲ ಒಸಿ ಚಿಕ್ಕೋನೇನೋ. ತಿನ್ನಕ್ಕೆ ಜೇನು ಕೊಟ್ಟ. ಇವತ್ತು ಬೆಳಗ್ಗೆ ಎದ್ದು, 'ಇದು ಇಳಿಯೋ ದಾರಿ ಕಣಯ್ಯ, ಬಾ' ಅಂತ ಮುಂದೆ ನಡ್ದ. ಅವನ ಬೆನ್ನು ನೋಡ್ಕೊಂಡೇ ಇಲ್ಲಿಗಂಟ ಬಂದೆ. ಹುಣಸೆ ತಿರುವಿಗೆ ಬಂದ್ರೆ ದಾರಿ ಒಬ್ಬರಿಗೇ ಸಾಲ್ದು, ನನ್ನ ಬೆನ್ನಲ್ಲಿ ಮೂಟೆ ಬೇರೆ. ಅವ ಅಲ್ಲಿದ್ದ ಒಂದು ಬಂಡೆಗೆ ಬೆನ್ನು ಅಂಟಿಸ್ಕೊಂಡು ನಿಂತ್ಬುಟ್ಟು, 'ನೀ ನಡಿ' ಅಂದ."

"ಆಮೇಲೆ?"

"ಆಮೇಲೇನು, ನಾನು ಬ್ಯಾಡ ನೀವೇ ನಡೀರಿ ಅಂದೆ. ಕೇಳ್ಬೇಕಲ್ಲ! 'ನೀ ನಡಿ, ನೀ ನಡಿ, ನಂಗೇನವಸರ' ಅಂದ."

ಅತ್ತೆ ಮೆಲ್ಲಗೆ ಕೇಳಿದರು. "ಯಾವ ಕಾಲು ಎತ್ತಿದ್ರು?"

ನನ್ನ ಗಂಡ ನನ್ನ ಮುಖ ನೋಡಿದರು. ಅವ್ವನಿಗೆ ಏನಾಗಿದೆ ಎಂದು ಕಣ್ಣಲ್ಲೇ ಕೇಳಿದರು. ನಾನು ಹೇಳಿ ಎಂದು ಸನ್ನೆ ಮಾಡಿದೆ. "ಎಡಗಾಲು" ಎಂದರು. "ನಿಂಗೆಂಗೆ ಗೊತ್ತು?"

ಅತ್ತೆ ಎದ್ದರು. ಕಂಬ ಹಿಡಿದರು, ಈ ಸಲ ನಿಜವಾದ ಕಂಬವನ್ನೇ. ಜಗುಲಿಯ ಅಂಚಿಗೆ ಬಂದು ಹುಣಸೆ ತಿರುವಿನ ಕಡೆ, ಸರಿಯಾಗಿ ಅದರ ಕಡೆಗೇ ಮುಖ ಮಾಡಿ ನಿಂತರು. ಅವರು ಗಂಡನನ್ನು ಒಂದು ದಿನವೂ ಏಕವಚನದಲ್ಲಿ ಅಂದವರಲ್ಲ. ಊರು ಊರೇ ಜಗುಲಿಗೆ ಬರುವ ಹಾಗೆ ಕೂಗಿದರು.

"ಲೋ! ನಿಂಗೇನವಸರ ಇಲ್ಲ ಕಣೋ! ನಂಗವಸರ ಅದೆ! ಕೇಳಿಸ್ತೇನೋ? ಕೂಸು ಕೂತ್ಕೊಂಡು, ನಿಂತ್ಕೊಂಡು, ಮದ್ವೆಯಾಗಿ, ತಲೆ ನೆರೀತು! ನನ್ನ ಕಣ್ಣು ಹೋಯ್ತು! ನೀನು ಮೇಕೆಗೆ ದಾರಿ ಬಿಟ್ಕೊಂಡು ನಿಂತಿದ್ದೀಯಲ್ಲೋ, ನಿನ್ನ ಮನೆ ಕಾಯೋಗ!"

ಹೇಳುತ್ತ ಹೇಳುತ್ತ ನಗತೊಡಗಿದರು. ಕಣ್ಣಲ್ಲಿ ನೀರು ಧಾರಾಕಾರ ಇಳಿಯುತ್ತಿತ್ತು. ಎದುರುಜಗುಲಿಯಲ್ಲಿ ದೇವೀರಮ್ಮ ಬಾಯಿಯ ಮೇಲೆ ಬೆರಳಿಟ್ಟುಕೊಂಡಿದ್ದಳು. "ನೋಡ್ರೇ!" ಎಂದರು ಅತ್ತೆ ಅವಳ ಕಡೆಗೆ ತಿರುಗಿ. "ಯಾವಳ ಗೋಡೆನೂ ಹಿಡಿದಿಲ್ಲ ನನ್ನ ಗಂಡ. ನನ್ನ ಗೆರೆ ಮ್ಯಾಲೇ ಅವ್ನೆ. ಅಲ್ಲೇ, ಆ ಹುಣಸೆಮರದ ತಾವ!"

ನಾವೆಲ್ಲ ಆ ಕಡೆ ನೋಡಿದೆವು. ಮರದ ಬುಡದಲ್ಲಿ ಬಿಳಿಯದೇನೋ ಇತ್ತು. ಮೈಮೇಲಿನ ವಲ್ಲಿಯೋ, ಒಣಗಿದ ಕೊಂಬೆಯ ಮೇಲಿನ ಬಿಸಿಲೋ ಇವತ್ತಿಗೂ ನನಗೆ ಗೊತ್ತಿಲ್ಲ. ನನ್ನ ಗಂಡನಿಗೆ ಅಷ್ಟು ಹೊತ್ತಿಗೆ ವಿಷಯ ತಿಳಿದಿತ್ತು. ಅವರು ಎದ್ದು ಓಡಲು ನೋಡಿದರು. ಎಲ್ಲಿಗೆ ಓಡುವುದು? ಹೊಸ್ತಿಲು ತುಳಿದಾಗಿತ್ತು. ಹೆಬ್ಬೆಟ್ಟು ಬೀಳುವ ತನಕ ಆ ಗೆರೆಯ ಮೇಲೆ ಮರಳಿ ಕಾಲಿಡುವ ಹಾಗಿಲ್ಲ, ಬಿದ್ದ ಮೇಲೆ ಮಾವನಿಗೆ ದಾರಿಯಿಲ್ಲ.

ಊರಲ್ಲಿ ಒಂದೊಂದೇ ದೀಪ ಹತ್ತತೊಡಗಿತು. ಅತ್ತೆ ಬಟ್ಟಲಲ್ಲಿ ಹೆಬ್ಬೆರಳು ಅದ್ದಿ ಗೋಡೆಯ ಮುಂದೆ ಕೂತಿದ್ದರು. ನಿನ್ನೆಯಿಂದ ಯಾವ ಹೆಬ್ಬೆಟ್ಟಿಗಾಗಿ ನಾನು ಜೀವ ಹಿಡಿದುಕೊಂಡಿದ್ದೆನೋ, ಅದನ್ನು ಒತ್ತಿ ಎನ್ನಲು ನನಗೆ ಬಾಯಿ ಬರಲಿಲ್ಲ. "ಒಸಿ ತಡೀರಿ ಅತ್ತೆ, ಇನ್ನೂ ಬೆಳಕದೆ" ಎಂದೆ.

"ತಡೆದ್ರೆ ಏನು ಬಂತು? ಬಿಟ್ಟ ದಾರಿನ ವಾಪಸ್ ಕೇಳೋ ಮನುಸ ಅಲ್ಲ ಅದು." ಅವರು ಗೋಡೆ ತಡವಿ ಗೆರೆಯ ತುದಿ ಹುಡುಕಿ, ಹೆಬ್ಬೆರಳು ಒತ್ತಿದರು. ಒತ್ತಿ ಕೈ ತೆಗೆಯದೆ ಹಾಗೇ ಇಟ್ಟುಕೊಂಡಿದ್ದರು. ನಾನು ದೀಪ ಹಚ್ಚಿದೆ. ಹುಣಸೆಮರದ ಕಡೆ ಆಮೇಲೆ ಏನೂ ಕಾಣಲಿಲ್ಲ.

ಉಂಡು, ಅವರ ಹಾಸಿಗೆ ಹಾಸುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. "ಬರೋ ವರ್ಸ ನೀನೇ ಬರೀಬೇಕು ಚಿಕ್ತಾಯಿ. ಸೊಟ್ಟ ಆದ್ರೂ ಆಗ್ಲಿ. ಆದ್ರೆ ಆ ಹುಣಸೆ ತಿರುವಲ್ಲಿ ಒಸಿ ಅಗಲ ಬರಿ. ಇಬ್ರು ಹಿಡಿಯೋ ಹಂಗೆ. ಪಕ್ಕಪಕ್ಕದಲ್ಲಿ ನಡ್ಕೊಂಡು ಇಬ್ರೂ ಒಟ್ಟಿಗೆ ಹೊಸ್ತಿಲು ತುಳೀಲಿ."

"ಅದೆಂಗತ್ತೆ ಆಯ್ತದೆ? ಹೊಸ್ತಿಲಿಂದ ಹೊರಟು, ನೆತ್ತಿ ಸುತ್ತಿ ಅಲ್ಲಿಗೆ ಬರೋಷ್ಟರಲ್ಲಿ ಕುಂಚದಲ್ಲಿ ಹಿಟ್ಟೇ ಇರಲ್ವಲ್ಲ. ಒಂದೇ ಸಲ ತಾನೆ ಅದ್ದೋದು."

ಅತ್ತೆ ನನ್ನ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹೊಸ್ತಿಲಿಂದಾನೇ ಹೊರಡ್ಬೇಕು ಅಂತ ಯಾರು ಹೇಳಿದ್ರೇ ನಿಂಗೆ?" ಎಂದರು. "ಸುತ್ತೋ ಗೆರೆ ಎಲ್ಲಿಂದ ಹೊರಟ್ರೇನು, ಹುಣಸೆಮರದ ತಾವಿಂದ್ಲೇ ಶುರುಮಾಡು."